ಲೋಟಪ್ಪನವರ ಗಾಜಿನಂಥ ನೀರು

ಲೋಟಪ್ಪ ಎಂಬುದು ಹೆತ್ತವರು ಇಟ್ಟ ಹೆಸರಲ್ಲ. ನೀರು ಸರಬರಾಜು ಕೇಂದ್ರದಲ್ಲಿ ಜೊತೆಗೆ ಕೆಲಸ ಮಾಡುತ್ತಿದ್ದವರು ಇಟ್ಟದ್ದು. ಮೂವತ್ತೊಂದು ವರ್ಷ ಊರಿಗೆಲ್ಲ ನೀರು ಶೋಧಿಸಿ ಕಳಿಸಿದ ಮನುಷ್ಯ. ಫಿಲ್ಟರ್ ಮನೆಯ ಕಿಟಕಿಯ ಹತ್ತಿರ ನಿಂತು, ಗಾಜಿನ ಲೋಟದಲ್ಲಿ ನೀರು ಹಿಡಿದು, ಒಂದು ಕಣ್ಣು ಮುಚ್ಚಿ, ಬೆಳಕಿಗೆ ಎತ್ತಿ ನೋಡಿ, "ಹೂಂ, ಬಿಡಿ" ಎಂದರೆ ಮಾತ್ರ ನೀರು ಊರಿನ ಕಡೆಗೆ ಹೊರಡಬೇಕು. ನೀರಿನ ತಿಳಿಯನ್ನು ಅಳೆಯುವ ಹೊಸ ಯಂತ್ರ ಬಂದ ಮೇಲೂ ಅವರು ಜಪ್ಪಯ್ಯ ಅನ್ನಲಿಲ್ಲ. ಯಂತ್ರ ತನಗೆ ತೋಚಿದ್ದು ಹೇಳಿಕೊಳ್ಳಲಿ, ಲೋಟ ಏನು ಹೇಳುತ್ತೆ ನೋಡೋಣ ಎನ್ನುತ್ತಿದ್ದರು. ನಿವೃತ್ತರಾದ ದಿನ ಗೆಳೆಯರು ಉಡುಗೊರೆ ಕೊಟ್ಟದ್ದೂ ಒಂದು ಗಾಜಿನ ಲೋಟವನ್ನೇ.

ಮನೆಯಲ್ಲೂ ಅದೇ ಕಥೆ. ಅಡುಗೆಮನೆಯ ನಲ್ಲಿಯಿಂದ ಬಂದ ಬೆಳಗಿನ ಮೊದಲ ಲೋಟ ಅವರ ಕಣ್ಣಿಗೆ ಬೀಳದೆ ಯಾರ ಗಂಟಲಿಗೂ ಇಳಿಯುವಂತಿಲ್ಲ. ಎರಡು ಬೀದಿ ಆಚೆ ಇರುವ ಹೆಂಡತಿಯ ತಂಗಿ ಬಂದಾಗಲೆಲ್ಲ, "ಭಾವ, ಬೇಗ ನೋಡಿ ಮುಗಿಸಿ, ಬಾಯಾರಿಕೇಲಿ ಜೀವ ಹೋಗ್ತಿದೆ" ಎಂದು ರೇಗಿಸುತ್ತಾಳೆ. ಲೋಟಪ್ಪನವರು ಅಂಥದ್ದಕ್ಕೆಲ್ಲ ಸೊಪ್ಪು ಹಾಕುವವರಲ್ಲ.

ಅವರ ಹೆಂಡತಿಯನ್ನು ಇಡೀ ಬಡಾವಣೆ ಟೀಚರಮ್ಮ ಎಂದೇ ಕರೆಯುತ್ತದೆ. ಹೆಣ್ಣುಮಕ್ಕಳ ಶಾಲೆಯಲ್ಲಿ ಇಪ್ಪತ್ತಾರು ವರ್ಷ ಈಜು ಕಲಿಸಿದವರು. ನೀರು ಕಂಡರೆ ಕಿರುಚುತ್ತಿದ್ದ ಹುಡುಗಿಯರನ್ನು ಮೀನು ಮಾಡಿ ಕಳಿಸಿದವರು. ಆರು ವರ್ಷಗಳಿಂದ ಅವರ ಕಣ್ಣು ಸ್ವಲ್ಪ ಸ್ವಲ್ಪವೇ ಮಂಜಾಗುತ್ತ ಬಂದು, ಈಗ ಹಗಲು ಯಾವುದು, ದೀಪ ಎಲ್ಲಿದೆ ಅನ್ನುವಷ್ಟು ಮಾತ್ರ ತಿಳಿಯುತ್ತದೆ. ಅದಕ್ಕೆಂದು ಮೂಲೆ ಹಿಡಿದು ಕೂತವರಲ್ಲ. ಒಲೆ, ಮೆಟ್ಟಿಲು, ಅಂಗಡಿ ಬೀದಿ, ಎಲ್ಲವನ್ನೂ ಕಿವಿಯಿಂದಲೂ ಅಂಗೈಯಿಂದಲೂ ಹೊಸದಾಗಿ ಕಲಿತರು. ಗಂಡ ಚಪ್ಪಲಿಯನ್ನು ಎಲ್ಲಿ ಬಿಟ್ಟಿದ್ದಾನೆ ಎಂಬುದು ಗಂಡನಿಗಿಂತ ಅವರಿಗೇ ಚೆನ್ನಾಗಿ ಗೊತ್ತು.

ಒಂದೇ ಒಂದು ಕೈತಪ್ಪಿತ್ತು, ಈಜು. ಸಾರ್ವಜನಿಕ ಈಜುಕೊಳದ ಕಾವಲುಗಾರ ಒಂದು ದಿನ, "ಜೊತೆಗೊಬ್ಬರು ಕೈ ಹಿಡ್ಕೊಂಡಿದ್ರೆ ಮಾತ್ರ ಇಳೀಬೇಕು ಮೇಡಂ, ನಿಯಮ" ಎಂದುಬಿಟ್ಟ. ಅವನದೂ ತಪ್ಪಿಲ್ಲ, ಅಲ್ಲಿ ಮಕ್ಕಳು ಅಡ್ಡಾದಿಡ್ಡಿ ಹಾರುತ್ತಿರುತ್ತಾರೆ. ಆದರೆ ಟೀಚರಮ್ಮ ಒದ್ದೆಯಾಗದ ಟವೆಲನ್ನು ಹಾಗೇ ಮಡಚಿ ಹಿಡಿದುಕೊಂಡು ಮನೆಗೆ ಬಂದರು.

"ಸಾವಿರಾರು ಹುಡುಗೀರ ಕೈ ಬಿಡಿಸಿ ನೀರಿಗೆ ಬಿಟ್ಟೋಳು ರೀ ನಾನು. ಈಗ ನನ್ನ ಕೈ ಹಿಡ್ಕೊಳ್ಳೋಕೆ ಜನ ಬೇಕಂತೆ" ಎಂದರು. ಅತ್ತುಬಿಟ್ಟಿದ್ದರೆ ಲೋಟಪ್ಪನವರಿಗೆ ಎಷ್ಟೋ ಸಮಾಧಾನವಾಗುತ್ತಿತ್ತು. ಅಳಲಿಲ್ಲ. ಟವೆಲನ್ನು ಬೀರುವಿನ ಮೇಲಿನ ಕಪಾಟಿಗೆ ಹಾಕಿ ಬಾಗಿಲು ಮುಚ್ಚಿದರು.

ಆವತ್ತೇ ಲೋಟಪ್ಪನವರು ಹಿತ್ತಲಲ್ಲಿ ಕೊಳ ಕಟ್ಟಿಸುವ ತೀರ್ಮಾನಕ್ಕೆ ಬಂದರು. ಹತ್ತು ಮೀಟರ್ ಉದ್ದ, ನಾಲ್ಕು ಮೀಟರ್ ಅಗಲ, ಎಲ್ಲಿ ನಿಂತರೂ ಎದೆಮಟ್ಟದ ನೀರು. ಹೆಂಡತಿ ಯಾರ ಕೈಯನ್ನೂ ಹಿಡಿಯದೆ ಆ ಕಡೆಯಿಂದ ಈ ಕಡೆಗೆ ಒಬ್ಬಳೇ ಈಜಬೇಕು, ಅಷ್ಟೇ. ಮೇಸ್ತ್ರಿ ಎರಡು ತಿಂಗಳಲ್ಲಿ ಗುಂಡಿ ತೋಡಿ, ಗೋಡೆ ಎಬ್ಬಿಸಿ, ನೀಲಿ ಟೈಲ್ಸ್ ಹಾಕಿಕೊಟ್ಟ. ಇನ್ನು ಉಳಿದದ್ದು ಫಿಲ್ಟರ್. ಆ ವಿಷಯಕ್ಕೆ ಮಾತ್ರ ಯಾರೂ ಮೂಗು ತೂರಿಸಬಾರದೆಂದು ಲೋಟಪ್ಪನವರು ಮೊದಲೇ ಹೇಳಿದ್ದರು.

"ನಾನೂ ಬರ್ಲಾ ಅಂಗಡಿಗೆ?" ಎಂದು ಟೀಚರಮ್ಮ ಕೇಳಿದರು.

"ಅಯ್ಯೋ, ಅಲ್ಲಿ ನಿಂಗೆ ನೋಡೋಕೇನಿದೆ..." ಎಂದವರು ತಕ್ಷಣ ನಾಲಿಗೆ ಕಚ್ಚಿಕೊಂಡರು.

"ಸರಿ, ಹೋಗ್ಬನ್ನಿ" ಎಂದು ಟೀಚರಮ್ಮ ನಕ್ಕರು. ಆ ನಗು ಅಷ್ಟೇನೂ ಚೆನ್ನಾಗಿರಲಿಲ್ಲ. ಲೋಟಪ್ಪನವರು ಲೋಟವನ್ನು ಚೀಲಕ್ಕೆ ಹಾಕಿಕೊಂಡು ಬೇಗ ಬೇಗ ಹೊರಟರು.

ಪಂಪು ಪೈಪುಗಳ ಅಂಗಡಿಯನ್ನು ನಡೆಸುತ್ತಿದ್ದವಳು ನಲವತ್ತರ ಆಸುಪಾಸಿನ ಹೆಂಗಸು, ಕಿವಿಯ ಮೇಲೆ ಪೆನ್ಸಿಲ್ ಸಿಕ್ಕಿಸಿಕೊಂಡಿದ್ದಳು. ಕೊಳದ ಅಳತೆ ಕೇಳಿದಳು, ಲೋಟಪ್ಪನವರು ಉದ್ದ ಅಗಲ ಆಳದ ಜೊತೆಗೆ ಐವತ್ತೆರಡು ಸಾವಿರ ಲೀಟರ್ ಎಂದು ಲೆಕ್ಕ ಕಟ್ಟಿಯೇ ಒಪ್ಪಿಸಿದರು. ಈಜುವವರು ಎಷ್ಟು ಜನ ಎಂದಳು. ಒಬ್ಬಳೇ, ನನ್ನ ಹೆಂಡತಿ ಎಂದರು.

"ಹಾಗಾದ್ರೆ ಇದು ಸಾಕು ಸಾರ್." ಆಕೆ ಒಂದು ಡಬ್ಬದ ಮುಚ್ಚಳ ತೆಗೆದು, ಒಳಗಿನಿಂದ ಬಿಳೀ ಬಟ್ಟೆಯಂಥದ್ದನ್ನು ನೆರಿಗೆ ನೆರಿಗೆಯಾಗಿ ಸುತ್ತಿದ ಉರುಳೆಯನ್ನು ಹೊರಗೆಳೆದಳು. "ಕಾರ್ಟ್ರಿಡ್ಜ್ ಅಂತಾರೆ. ಕೊಳೆಯೆಲ್ಲ ನೆರಿಗೇಲಿ ನಿಲ್ಲುತ್ತೆ. ಕೆಲವು ವಾರಕ್ಕೊಂದ್ಸಲ ತೆಗೆದು ಪೈಪಿನ ನೀರಲ್ಲಿ ತೊಳೆದ್ರೆ ಆಯ್ತು."

ಲೋಟಪ್ಪನವರಿಗೆ ನಗು ತಡೆಯಲಾಗಲಿಲ್ಲ. "ಇದೇನಮ್ಮ, ಹುಡುಗೀರ ಲಂಗ ಇದ್ದಂಗಿದೆ! ನೀರು ಶೋಧಿಸೋದು ಅಂದ್ರೆ ಮರಳು. ಮೂವತ್ತೊಂದು ವರ್ಷ ಊರಿಗೆ ನೀರು ಕುಡಿಸಿದೀನಿ, ಲಂಗದಲ್ಲಿ ಸೋಸಿ ಅಲ್ಲ."

ಮರಳಿನ ಫಿಲ್ಟರೂ ಇತ್ತು. ಮಾದರಿಗೆ ಇಟ್ಟಿದ್ದ ತಟ್ಟೆಯಿಂದ ಒಂದು ಹಿಡಿ ಮರಳನ್ನು ತೆಗೆದು ಬೆರಳುಗಳ ನಡುವೆ ತಿಕ್ಕಿದರು, ಮೂಗಿನ ಹತ್ತಿರ ಹಿಡಿದರು, ಕಾಳು ಸರಿಯಿದೆ ಎಂದು ತಲೆದೂಗಿದರು. ಇದ್ದದ್ದರಲ್ಲಿ ದೊಡ್ಡ ತೊಟ್ಟಿಯನ್ನೇ ಆರಿಸಿದರು. ಕೊಳದ ಅಷ್ಟೂ ನೀರು ಎರಡು ಗಂಟೆಗೊಮ್ಮೆ ಫಿಲ್ಟರಿನೊಳಗೆ ಸುತ್ತಿ ಬರಬೇಕು, ಅಂಥ ಪಂಪು ಕೊಡು ಎಂದರು.

"ಎರಡು ಗಂಟೆ ಅನ್ನೋದು ದೊಡ್ಡ ಹೋಟೆಲಿನ ಕೊಳಕ್ಕೆ ಸಾರ್. ಮನೆಗೆ ಎಂಟು ಗಂಟೆ ಧಾರಾಳ."

"ನನ್ನ ಹೆಂಡತಿ ಹೋಟೆಲಿಗೆ ಬರೋರಿಗಿಂತ ಕಡಿಮೇನಾ?"

ಅಂಗಡಿಯಾಕೆ ಕಿವಿಯ ಮೇಲಿನ ಪೆನ್ಸಿಲ್ ತೆಗೆದು ಬರೆದುಕೊಂಡಳು. "ಹದಿನೈದು ದಿನ ನಡೆಸಿ ನೋಡಿ. ಬೇಡ ಅನ್ನಿಸಿದ್ರೆ ಬದಲಾಯಿಸಿ ಕೊಡ್ತೀನಿ. ಆದ್ರೆ ಒಂದೇ ಸಲ" ಎಂದಳು. ಬದಲಾಯಿಸುವ ಮಾತೇ ಇಲ್ಲ ಎಂದು ಲೋಟಪ್ಪನವರು ಎದೆಯುಬ್ಬಿಸಿಕೊಂಡು ಮನೆಗೆ ಬಂದರು.

ಮಿಷನ್ ಕೂತು ಮೂರು ದಿನಕ್ಕೆ ನೀರು ಹೇಗಾಯಿತು ಅಂದರೆ, ಇದೆಯೋ ಇಲ್ಲವೋ ಎಂದು ಅನುಮಾನ ಬರಬೇಕು, ಹಾಗಾಯಿತು. ಲೋಟಪ್ಪನವರು ದಿನಪತ್ರಿಕೆಯ ಒಂದು ಹಾಳೆಯನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ, ಕಲ್ಲು ಕಟ್ಟಿ ತಳಕ್ಕೆ ಬಿಟ್ಟರು. ದಡದ ಮೇಲೆ ನಿಂತು ತಲೆಬರಹವನ್ನು ಗಟ್ಟಿಯಾಗಿ ಓದಿದರು. ಅಷ್ಟಕ್ಕೆ ಬಿಡದೆ ಅದರ ಕೆಳಗಿನ ಸಣ್ಣ ಅಕ್ಷರವನ್ನೂ ಓದಿದರು. ತಂಗಿ ಕೂಡ, "ಭಾವ, ಈ ಸಲ ನಿಮ್ಮನ್ನ ಮೆಚ್ಚಲೇಬೇಕು" ಎಂದು ಒಪ್ಪಿಕೊಂಡಳು.

ಬೀರುವಿನ ಮೇಲಿನ ಕಪಾಟಿನಿಂದ ಟವೆಲ್ ಕೆಳಗಿಳಿಯಿತು. ಟೀಚರಮ್ಮ ಕಂಬಿ ಹಿಡಿದು ಮೂರು ಮೆಟ್ಟಿಲು ಇಳಿದರು, ಅಂಗೈಯಲ್ಲಿ ಗೋಡೆಯನ್ನು ಸವರಿದರು, ಒಮ್ಮೆ ಉಸಿರು ತುಂಬಿಕೊಂಡು ಕಾಲಿನಿಂದ ಗೋಡೆಯನ್ನು ಒದ್ದು ಹೊರಟೇಬಿಟ್ಟರು. ನಾಲ್ಕು ಸಲ ಕೈ ಬೀಸುವವರೆಗೆ ಹಳೆಯ ಟೀಚರಮ್ಮನೇ. ಐದನೆಯದಕ್ಕೆ ವಾಲಿದರು. ಬೆರಳುಗಳು ಪಕ್ಕದ ಗೋಡೆಗೆ ಬಡಿದವು. ತಿರುಗಿದರು. ಮತ್ತೆ ಹೊರಟರು, ಮತ್ತೆ ಯಾವುದೋ ಗೋಡೆ. ಹಿತ್ತಲ ಮೂಲೆಯಿಂದ ಪಂಪು ಗೊರ್ರೆನ್ನುತ್ತಿತ್ತು, ನೀರು ಬರುವ ಎರಡೂ ಕೊಳವೆ ಬಾಯಿಗಳು ಕುದಿಯುವಂತೆ ನೊರೆ ಎಬ್ಬಿಸುತ್ತಿದ್ದವು. ಟೀಚರಮ್ಮ ಕೊಳದ ನಟ್ಟನಡುವೆ ಎದ್ದು ನಿಂತು, ಎರಡೂ ಕೈಗಳನ್ನು ಮುಂದೆ ಚಾಚಿ, ಆ ಕಡೆಗೊಮ್ಮೆ ಈ ಕಡೆಗೊಮ್ಮೆ ತಿರುಗಿದರು. ಇಷ್ಟು ವರ್ಷದಲ್ಲಿ ಹೆಂಡತಿ ದಾರಿತಪ್ಪಿ ಹಾಗೆ ನಿಂತದ್ದನ್ನು ಲೋಟಪ್ಪನವರು ಕಂಡಿರಲಿಲ್ಲ.

"ಅಕ್ಕಾ, ಕೈ ಕೊಡು!" ಎಂದು ತಂಗಿ ಓಡಿದಳು.

"ಬೇಡ." ಟೀಚರಮ್ಮ ತಾವಾಗಿಯೇ ತಡವರಿಸಿ ಮೆಟ್ಟಿಲು ಹುಡುಕಿಕೊಂಡು ಬಂದು ಕೂತರು. ಬೆರಳಿನ ಗೆಣ್ಣು ತರಚಿತ್ತು.

ಮಾತು ತೋಚದಿದ್ದಾಗ ಸುಮ್ಮನಿರುವುದು ಲೋಟಪ್ಪನವರ ಜಾಯಮಾನವಲ್ಲ. "ನೀರು ಮಾತ್ರ ಗಾಜು ಇದ್ದಂಗಿದೆ ಕಣೇ" ಎಂದರು.

"ಯಾರಿಗೆ?" ಎಂದರು ಟೀಚರಮ್ಮ.

ಲೋಟಪ್ಪನವರ ಮುಖ ಸಪ್ಪಗಾಯಿತು. ತಂಗಿ ಟವೆಲನ್ನು ಅಕ್ಕನ ಹೆಗಲಿಗೆ ಹಾಕಿ, ಭಾವನ ಕಡೆಗೆ ತಿರುಗಿಯೂ ನೋಡಲಿಲ್ಲ. ಟೀಚರಮ್ಮನೇ ಬಿಡಿಸಿ ಹೇಳಿದರು. ಗೋಡೆ ಹತ್ತಿರ ಬಂದರೆ ನೀರಿನ ಸದ್ದು ಬದಲಾಗುತ್ತದೆ, ಅದನ್ನು ನಂಬಿಕೊಂಡು ಇಳಿದಿದ್ದೆ. ನಿಮ್ಮ ಮಿಷನ್ನಿನ ಗಲಾಟೆಯಲ್ಲಿ ನಾಲ್ಕೂ ಗೋಡೆ ಕಳೆದುಹೋದವು, ಅಷ್ಟೇ.

"ಅಷ್ಟೇ ತಾನೆ? ನೀನು ಈಜುವಾಗ ನಿಲ್ಲಿಸಿಬಿಟ್ರೆ ಆಯ್ತು!" ಲೋಟಪ್ಪನವರು ಓಡಿಹೋಗಿ ಪಂಪು ನಿಲ್ಲಿಸಿದರು. ಗೊರ್ರೆನ್ನುವುದು ನಿಂತಿತು, ಎಲ್ಲೋ ಎರಡು ಸಲ ಗುಳುಕ್ ಗುಳುಕ್ ಎಂದಿತು, ಆಮೇಲೆ ನಿಶ್ಶಬ್ದ. ಟೀಚರಮ್ಮ ಮತ್ತೆ ಇಳಿದರು. ಈ ಸಲ ಗೋಡೆ ಹತ್ತಿರ ಬಂದದ್ದು ಗೊತ್ತಾಯಿತು, ಆದರೆ ಯಾವ ಗೋಡೆ ಎಂಬುದೇ ಗೊತ್ತಾಗಲಿಲ್ಲ. ಎದುರಿನ ದಡಕ್ಕೆಂದು ಹೊರಟವರು ಬಲಗಡೆಯ ದಡಕ್ಕೆ ಹೋಗಿ ಮುಟ್ಟಿದರು.

ಅಲ್ಲೇ ಗೋಡೆ ಹಿಡಿದು ನಿಂತು ಅವರು ಗಂಡನನ್ನು ಕರೆದರು. "ರೀ, ಮಿಷನ್ ನಿಲ್ಲೋವಾಗ ಗುಳುಕ್ ಅಂತಲ್ಲ, ಅದೇನದು?"

"ಅದಾ? ಆ ತುದಿ ಗೋಡೇಲಿ ಒಂದು ಚೌಕದ ಬಾಯಿದೆ. ಮೇಲೆ ತೇಲೋ ಎಲೆ, ಕಸ ಎಲ್ಲ ನುಂಗುತ್ತೆ. ಸ್ಕಿಮ್ಮರ್ ಅಂತಾರೆ. ಪಂಪು ಜೋರಾಗಿ ಎಳೀತಿದ್ರೆ ಅದರ ಸದ್ದು ಕೇಳ್ಸಲ್ಲ."

"ಮೆಲ್ಲಗೆ ಎಳೆದ್ರೆ?"

ಲೋಟಪ್ಪನವರು ಆ ತುದಿಯ ಚೌಕದ ಬಾಯಿಯ ಕಡೆಗೆ ತಿರುಗಿ ನೋಡಿದರು.

"ನಾಳೆ ಅಂಗಡಿಗೆ ನಾನೂ ಬರ್ತೀನಿ. ನೀವು ಲೋಟ ಮನೇಲೇ ಬಿಟ್ಟು ಬನ್ನಿ" ಎಂದರು ಟೀಚರಮ್ಮ. "ಇನ್ನೊಂದು ಮಾತು. ಅದೂ ಆಗ್ಲಿಲ್ಲ ಅಂದ್ರೆ ಈ ಗುಂಡಿ ಮುಚ್ಚಿಸಿ ಹೂವಿನ ಗಿಡ ಹಾಕಿ. ಇನ್ನೊಂದ್ಸಲ ನನ್ನನ್ನ ನೀರಿಗೆ ಕರೀಬೇಡಿ. ದಿನಾ ಹೀಗೆ ತಡವರಿಸಿಕೊಂಡು ಬರೋಕೆ ನನ್ನ ಕೈಲಾಗಲ್ಲ."

ಆಡಿದರೆ ಆಡಿದ್ದೇ, ಟೀಚರಮ್ಮನ ಮಾತು ಹಾಗೆ. ಲೋಟಪ್ಪನವರಿಗೆ ಆ ಮಧ್ಯಾಹ್ನದ ಊಟ ಸೇರಲಿಲ್ಲ.

ಅಂಗಡಿಯ ಹಿಂದೆ ಪಂಪುಗಳನ್ನು ಓಡಿಸಿ ತೋರಿಸಲೆಂದೇ ಒಂದು ಸಿಮೆಂಟು ತೊಟ್ಟಿಯಿತ್ತು, ಅದಕ್ಕೂ ಒಂದು ಚೌಕದ ಬಾಯಿಯಿತ್ತು. ಮಾರನೆಯ ದಿನ ಟೀಚರಮ್ಮ ತೊಟ್ಟಿಯ ಅಂಚಿನ ಮೇಲೆ ಕೂತು, ತೋಳನ್ನು ಮೊಣಕೈವರೆಗೆ ನೀರಿಗೆ ಬಿಟ್ಟು, "ಒಂದೊಂದೇ ಹಾಕಮ್ಮ" ಎಂದರು. ಅಂಗಡಿಯಾಕೆ ಮೊದಲು ದೊಡ್ಡದನ್ನು ಓಡಿಸಿದಳು. ಬೇಡ ಎಂದರು. ಮಧ್ಯಮದ್ದಕ್ಕೂ ಬೇಡ ಎಂದರು. ಮೂರನೆಯದು ವೇಗವನ್ನು ಏರಿಸಿ ಇಳಿಸುವ ಪಂಪು. ಅಂಗಡಿಯಾಕೆ ವೇಗದ ಗುಂಡಿಯನ್ನು ತಿರುಗಿಸುತ್ತ ಹೋದಂತೆ ಮೋಟರಿನ ಸದ್ದು ಸಣ್ಣಗಾಗುತ್ತ ಬಂದು, ಕೊನೆಗೆ ಪಕ್ಕದ ಕೋಣೆಯಲ್ಲಿ ಯಾರೋ ನಿದ್ದೆ ಹೋದಷ್ಟೇ ಉಳಿಯಿತು. ಆಗ ಚೌಕದ ಬಾಯಿ ಮಾತಾಡತೊಡಗಿತು. ಗುಳುಕ್. ಒಂದಿಷ್ಟು ಹೊತ್ತು ಬಿಟ್ಟು, ಗುಳುಕ್.

"ಇದು," ಎಂದರು ಟೀಚರಮ್ಮ. ಅವರ ಮುಖ ಅರಳಿತ್ತು. "ಇದು ಆ ತುದೀಲಿದ್ರೆ ನಾನು ಕಣ್ಮುಚ್ಚಿಕೊಂಡು ಹೋಗ್ತೀನಿ."

ತಮ್ಮ ಮಾತಿಗೆ ಮೊದಲು ನಕ್ಕವರೂ ಅವರೇ. ಅಂಗಡಿಯಾಕೆ ನಗಬೇಕೋ ಬೇಡವೋ ತಿಳಿಯದೆ ಪೆನ್ಸಿಲ್ ಹುಡುಕಿದಳು.

"ಆದ್ರೆ ಸಾರ್," ಎಂದು ಆಕೆ ಲೋಟಪ್ಪನವರ ಕಡೆ ತಿರುಗಿದಳು, "ಇಷ್ಟು ನಿಧಾನಕ್ಕೆ ಓಡಿದ್ರೆ ನಿಮ್ಮ ಮರಳಿನ ತೊಟ್ಟಿ ತೊಳೆಯೋಕಾಗಲ್ಲ. ಅದಕ್ಕೆ ನೀರನ್ನ ಜೋರಾಗಿ ಹಿಂದಕ್ಕೆ ಬಿಡ್ಬೇಕು. ಪಂಪಿನ ವೇಗ ಪೂರ್ತಿ ಏರಿಸಿದ್ರೂ ನೀವು ತಗೊಂಡ ತೊಟ್ಟಿಗೆ ಸಾಲೋದಿಲ್ಲ."

ಇದು ಲೋಟಪ್ಪನವರಿಗೆ ಗೊತ್ತಿಲ್ಲದ ಸಂಗತಿಯೇನಲ್ಲ. ಮೂವತ್ತೊಂದು ವರ್ಷ ಮರಳು ತೊಳೆದ ಕೈ ಅವರದು. ಅವರು ಮೇಲೆ ನೋಡಿದರು, ಕೆಳಗೆ ನೋಡಿದರು, ಹೆಂಡತಿಯ ಒದ್ದೆಯಾದ ತೋಳನ್ನು ನೋಡಿದರು.

"ಆ ಲಂಗ ಕೊಡಮ್ಮ" ಎಂದರು.

"ಯಾವ್ದು ಸಾರ್?"

"ಅದೇ, ನೆರಿಗೇದು. ಇರೋದ್ರಲ್ಲಿ ದೊಡ್ಡದು ಕೊಡು. ನೆರಿಗೆ ಜಾಸ್ತಿ ಇದ್ದಷ್ಟೂ ನೀರು ಸಲೀಸಾಗಿ ನುಗ್ಗುತ್ತೆ, ಪಂಪು ಇನ್ನೂ ಮೆತ್ತಗೆ ಓಡಿದ್ರೂ ನಡೆಯುತ್ತೆ." ಹೊಟ್ಟೆಯಲ್ಲಿಟ್ಟುಕೊಂಡಿದ್ದನ್ನೂ ಹೇಳಿಬಿಟ್ಟರು. "ಸಣ್ಣ ಧೂಳು ಹಿಡಿಯೋದ್ರಲ್ಲಿ ಮರಳಿಗಿಂತ ಇದೇ ವಾಸಿ. ನಂಗೆ ಮೊದಲೇ ಗೊತ್ತಿತ್ತು. ಯಾರ ಮುಂದೇನೂ ಹೇಳ್ಬೇಡ."

"ನಾನಿಲ್ಲೇ ಇದೀನಿ ರೀ" ಎಂದರು ಟೀಚರಮ್ಮ.

ಒಂದೇ ಸಲ ಸಿಗುವ ಬದಲಾವಣೆ ಹಾಗೆ ಮುಗಿಯಿತು. ಹಳೆಯ ಮಿಷನ್ ವಾಪಸು ಹೋಗಿ ಹೊಸದು ಬಂದು ಕೂತಿತು. ಇನ್ನು ಉಳಿದ ಕೆಲಸ ನನ್ನದು ಎಂದು ಲೋಟಪ್ಪನವರು ಅಂಗಿಯ ತೋಳು ಮೇಲೆ ಮಡಚಿದರು. ಹೋಗುವಾಗಲೇನೋ ಎದುರಿನಿಂದ ಗುಳುಕ್ ಸದ್ದು ಕರೆಯುತ್ತದೆ. ವಾಪಸು ಮೆಟ್ಟಿಲ ಕಡೆಗೆ ಬರುವಾಗ? ಆ ಕಡೆ ಕರೆಯುವವರು ಯಾರು? ಮೆಟ್ಟಿಲ ಗೋಡೆಯಲ್ಲಿ ಶೋಧಿಸಿದ ನೀರು ಹೊರಬರುವ ಕೊಳವೆ ಬಾಯಿಗಳಿದ್ದವು, ಎಡಕ್ಕೊಂದು, ಬಲಕ್ಕೊಂದು. ಎರಡನ್ನೂ ಬೇಕಾದ ಕಡೆಗೆ ತಿರುಗಿಸಬಹುದಿತ್ತು. ಸರಿಯಾಗಿ ತಿರುಗಿಸಿದರೆ ಮೆಟ್ಟಿಲು ಹತ್ತಿರ ಬಂದಾಗ ನೀರು ಎರಡೂ ಹೆಗಲಿಗೆ ಒಂದೇ ಸಮ ತಾಗಬೇಕು. ಒಂದಕ್ಕೆ ಹೆಚ್ಚು ತಾಗಿದರೆ ವಾಲಿದ್ದೀ ಎಂದರ್ಥ.

ಎಷ್ಟು ತಿರುಗಿಸಿದರೆ ಸರಿ ಎಂಬುದನ್ನು ದಡದ ಮೇಲೆ ನಿಂತು ನೋಡಿ ತಿಳಿಯುವಂತಿರಲಿಲ್ಲ. ಲೋಟಪ್ಪನವರು ಚಡ್ಡಿ ತೊಟ್ಟು, ಕಣ್ಣಿಗೆ ಟವೆಲ್ ಬಿಗಿದುಕೊಂಡು, ತಾವೇ ಕೊಳಕ್ಕಿಳಿದರು. ಊರಿಗೆಲ್ಲ ನೀರು ಕೊಟ್ಟ ಮಹಾನುಭಾವರಿಗೆ ಈಜು ಬರುತ್ತಿರಲಿಲ್ಲ ಎಂಬುದನ್ನು ಇಲ್ಲಿಯವರೆಗೆ ಹೇಳಿರಲಿಲ್ಲ. ಈಜು ಟೀಚರನ್ನು ಮದುವೆಯಾಗಿಯೂ ಕಲಿತಿರಲಿಲ್ಲ. ಎದೆಮಟ್ಟದ ನೀರಿನಲ್ಲಿ ಹೆಗಲು ಮುಳುಗುವಷ್ಟು ಬಗ್ಗಿ, ಪುಟ್ಟ ಪುಟ್ಟ ಹೆಜ್ಜೆ ಇಡುತ್ತ ನಡೆದರು. ಎರಡು ಸಲ ಗೋಡೆಗೆ ಮೂಗು ಕೊಟ್ಟರು. ಒಂದು ಸಲ ಕಾಲು ಜಾರಿ ಮುಳುಗಿ, ಕೆಮ್ಮುತ್ತ ಎದ್ದರು.

"ಭಾವ, ಲೋಟ ತರ್ಲಾ? ಕುಡಿದದ್ದು ಹೇಗಿತ್ತು ಅಂತ ನೋಡ್ಬಹುದು" ಎಂದು ತಂಗಿ ಹೊಟ್ಟೆ ಹಿಡಿದುಕೊಂಡು ನಕ್ಕಳು.

"ನಗು, ನಗು. ಎಡಗಡೇದು ಇನ್ನು ಕಾಲು ಸುತ್ತು ತಿರುಗಿಸು, ಆಮೇಲೆ ನಗುವಂತೆ."

ತಂಗಿ ತಿರುಗಿಸಿದಳು, ಅವರು ಮತ್ತೆ ನಡೆದರು, ಮತ್ತೆ ಕೂಲಿಯವರಿಗೆ ಹೇಳುವಂತೆ ಹೇಳಿ ಅವಳ ಕೈಯಲ್ಲಿ ತಿರುಗಿಸಿದರು. ಕತ್ತಲಲ್ಲಿ ಒಬ್ಬರೇ ನಡೆಯುವಾಗ ಲೋಟಪ್ಪನವರಿಗೆ ಭಯವಾಯಿತು, ಮುಚ್ಚುಮರೆ ಯಾಕೆ. ಆರು ವರ್ಷದಿಂದ ಇವಳು ಇದರೊಳಗೇ ಕಾಫಿ ಮಾಡಿ, ಬಟ್ಟೆ ಮಡಚಿ, ನನ್ನನ್ನೂ ರೇಗಿಸಿಕೊಂಡಿದ್ದಾಳಲ್ಲ ಎನ್ನಿಸಿತು. ಕೊನೆಗೊಮ್ಮೆ ಎರಡೂ ಹೆಗಲಿಗೆ ನೀರು ಒಂದೇ ಸಮ ಬಂದು ಒತ್ತಿತು. ಅವರು ಎರಡು ಹೆಜ್ಜೆ ಹಿಂದೆ ಹೋಗಿ ಮತ್ತೆ ಬಂದರು. ಮತ್ತೆ ಒತ್ತಿತು. ಟವೆಲ್ ಬಿಚ್ಚಿ ನೋಡಿದರೆ ಎರಡೂ ಪಕ್ಕದ ಗೋಡೆಗಳ ಸರಿಯಾದ ಮಧ್ಯದಲ್ಲಿ, ಮೆಟ್ಟಿಲಿಗೆ ನೇರವಾಗಿ ನಿಂತಿದ್ದರು.

ಮಾರನೆಯ ಬೆಳಗ್ಗೆ ಟೀಚರಮ್ಮ ಮೆಟ್ಟಿಲ ಹತ್ತಿರ ಬಂದು ನಿಂತರು. ತಂಗಿಯೂ ಬಂದಿದ್ದಳು, ಲೋಟಪ್ಪನವರು ದಡದ ಮೇಲೆ ಕುರ್ಚಿ ಹಾಕಿಸಿಕೊಂಡಿದ್ದರು.

"ಇಬ್ರೂ ಒಳಗೆ ಹೋಗಿ" ಎಂದರು ಟೀಚರಮ್ಮ.

"ಅಲ್ಲ ಕಣೇ, ಏನಾದ್ರೂ..."

"ಎದೆಮಟ್ಟ ನೀರು. ನಿಂತ್ಕೊಂಡ್ರೆ ಮುಗೀತು. ನೀವು ಎದುರಿಗೆ ಕೂತಿದ್ರೆ ಅದೂ ಒಂಥರಾ ಕೈ ಹಿಡ್ಕೊಂಡ ಹಾಗೇ ರೀ. ಹೋಗಿ."

ಹೋದರು. ಅಡುಗೆಮನೆಯ ಬಾಗಿಲನ್ನು ಮಾತ್ರ ತೆರೆದಿಟ್ಟರು. ಲೋಟಪ್ಪನವರು ಕಿಟಕಿಯ ಕಡೆ ಹೋಗಲು ನೋಡಿದರು, ತಂಗಿ ಅಂಗಿ ಹಿಡಿದು ಎಳೆದು ಕೂರಿಸಿದಳು. ಕಣ್ಣಿಗೆ ಕೆಲಸವಿಲ್ಲದೆ ಕೂತಾಗ ಕಿವಿಗೆ ಒಂದೊಂದೇ ಸಿಕ್ಕತೊಡಗಿತು. ಮೆಟ್ಟಿಲಿನಲ್ಲಿ ನೀರು ಕಲಕಿದ್ದು. ಗೋಡೆ ಒದ್ದ ಸದ್ದು. ಕೈ ಬೀಸುವ ಸದ್ದು, ಒಂದೇ ಲಯದಲ್ಲಿ, ದೂರವಾಗುತ್ತ. ನಡುನಡುವೆ ಗುಳುಕ್. ಆಮೇಲೆ ಏನೂ ಇಲ್ಲ. ತಂಗಿ ಭಾವನ ಅಂಗಿಯನ್ನು ಇನ್ನೂ ಬಿಟ್ಟಿರಲಿಲ್ಲ. ಅಂಗೈ ಟೈಲ್ಸ್ ಮೇಲೆ ಚಟ್ಟೆಂದು ಬಿತ್ತು, ಎದುರಿನ ಗೋಡೆಯಿಂದ. ಕಾಲು ಒದ್ದಿತು. ಕೈ ಬೀಸುವ ಸದ್ದು ಹತ್ತಿರವಾಗುತ್ತ ಬಂತು, ಕೊನೆಯಲ್ಲಿ ಸ್ವಲ್ಪ ನಿಧಾನವಾಯಿತು, ಹೆಗಲಿಗೆ ನೀರು ತಾಗಿರಬೇಕು. ಮೆಟ್ಟಿಲ ಕಂಬಿ ಠಣ್ ಎಂದಿತು.

ತಂಗಿ ಅಂಗಿ ಬಿಟ್ಟು ಕಣ್ಣೊರೆಸಿಕೊಂಡಳು. ಲೋಟಪ್ಪನವರ ಕಣ್ಣಲ್ಲೂ ಧಾರಾಕಾರ, ಒರೆಸಿಕೊಳ್ಳುವ ಗೋಜಿಗೇ ಹೋಗಲಿಲ್ಲ. ಹೊರಗೆ ಟೀಚರಮ್ಮ ಮತ್ತೆ ಹೊರಟಿದ್ದರು. ಹೋದರು, ಬಂದರು. ಹೋದರು, ಬಂದರು. ಹನ್ನೆರಡು ಸಲದವರೆಗೆ ಲೋಟಪ್ಪನವರು ಎಣಿಸಿದರು, ಆಮೇಲೆ ಎಣಿಸುವುದನ್ನು ಬಿಟ್ಟು ಕಾಫಿಗೆ ಇಟ್ಟರು.

ಸದ್ದು ನಿಂತಾಗ ಅವರು ಹೊರಗೆ ಬಂದರು. ಟೀಚರಮ್ಮ ನೀರಿನಲ್ಲಿ ನಿಂತು, ಮೆಟ್ಟಿಲ ಮೇಲೆ ಮೊಣಕೈ ಊರಿ ಏದುಸಿರು ಬಿಡುತ್ತಿದ್ದರು. ಕೆನ್ನೆ ಕೆಂಪಗಾಗಿತ್ತು. ಲೋಟಪ್ಪನವರ ಕೈ ಅಭ್ಯಾಸಬಲದಿಂದ ಲೋಟವನ್ನು ನೀರಿಗೆ ಅದ್ದಿ ಬೆಳಕಿಗೆ ಎತ್ತಿತು. ಒಂದು ಕಣ್ಣು ಮುಚ್ಚಿ ನೋಡಿದರು. ಮಿಷನ್ ಬದಲಾಯಿಸುವಾಗ ಎದ್ದ ಧೂಳು ಇನ್ನೂ ಪೂರ್ತಿ ಹೋಗಿರಲಿಲ್ಲ. ಮೆತ್ತಗೆ ಓಡುವ ಪಂಪು, ಇನ್ನೂ ಎರಡು ದಿನ ಹಿಡಿಯುತ್ತದೆ. ಮೂವತ್ತೊಂದು ವರ್ಷದಲ್ಲಿ ಇಂಥ ನೀರಿಗೆ ಅವರು ಒಂದು ಸಲವೂ ಬಿಡಿ ಎಂದಿರಲಿಲ್ಲ.

"ನೀರು ಸ್ವಲ್ಪ ಮಬ್ಬಾಗಿದೆ ಕಣೇ" ಎಂದರು.

"ಯಾರಿಗೆ?" ಎಂದರು ಟೀಚರಮ್ಮ, ನಗುತ್ತ. ಗೋಡೆ ಒದ್ದು ಆಗಲೇ ಹೊರಟಾಗಿತ್ತು.